ಮಡಿಲ ಕಲ್ಲು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲಿನವನು ಬಂದ. ಎಂದಿನಂತೆ ಒಂದು ಲೀಟರ್ ಸುರಿದ. ಆಮೇಲೆ ನೆನಪಾಗಿ ಪಾತ್ರೆಯನ್ನೇ ನೋಡುತ್ತ ನಿಂತ. "ಇರಲಿ ಬಿಡ್ರಿ," ಎಂದೆ. ಅವನು ಹೋದ. ಹಾಲು ಕಾಯಲು ಇಟ್ಟು ಅಡುಗೆಮನೆ ಗುಡಿಸತೊಡಗಿದೆ. ಇಷ್ಟು ದಿನ ಯಾರ್ಯಾರೋ ಗುಡಿಸಿದ್ದರು. ಮೂಲೆಗಳಲ್ಲಿ ಕಸ ಹಾಗೇ ಇತ್ತು.

ಒರಳಿನ ಹತ್ತಿರ ಎರಡು ಗುಂಡುಕಲ್ಲುಗಳಿದ್ದವು. ನಮ್ಮ ಮನೆಯದು ಒಂದೇ. ಅದು ಒರಳಿನೊಳಗೆ ಕೂತಿತ್ತು. ಗೋಡೆಗೆ ಒರಗಿಸಿಟ್ಟದ್ದು ಎದುರುಮನೆಯ ಬಸಲಿಂಗವ್ವನದು. ನನ್ನ ಗಂಡ ಗುರುಪಾದ ಎರವಲು ತಂದದ್ದು.

ಅದರ ಕೆಳಗೂ ಗುಡಿಸಬೇಕಿತ್ತು. ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯಲ್ಲಿ ಗುಡಿಸಿದೆ. ಹಿಡಿದಿದ್ದೇನೆ ಎಂಬುದೇ ಮರೆತುಹೋಯಿತು. ಕಸ ಬಳಿದುಕೊಂಡು ಹಿತ್ತಿಲ ಬಾಗಿಲವರೆಗೆ ನಡೆದೆ. ಅಲ್ಲಿ ಅತ್ತೆ ನಿಂತಿದ್ದರು. ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕಲ್ಲು ನೋಡಿದರು.

"ಹಗುರ ಐತೇನು?"

"ಏನೂ ಅನಸವಲ್ದ್ರಿ."

"ನನಗೂ ಹಂಗ. ನಿನ್ನೆ ನೀರು ತುಂಬಿದ ಹಂಡೆ ಒಂದ ಕೈಲೆ ಎತ್ತೀನಿ. ಎತ್ತಿದ ಮ್ಯಾಲ ಅಂಜಿಕಿ ಬಂತು."

ಈ ಊರಿನಲ್ಲಿ ದುಃಖದ ಮನೆಯವರಿಗೆ ಕಲ್ಲು ಹಗುರ. ನಾನು ಬೇರೆ ಊರಿನಿಂದ ಮದುವೆಯಾಗಿ ಬಂದವಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಬಂದ ಹೊಸದರಲ್ಲಿ ಒಂದಿಷ್ಟು ಲೆಕ್ಕ ಹಾಕಲು ನೋಡಿ ಕೈಬಿಟ್ಟೆ.

ಹೋಳಿ ಕಳೆದ ಮೇಲೆ ಮೊದಲ ಮಳೆ ಬೀಳುವವರೆಗೆ ಇಲ್ಲಿ ವಾರಕ್ಕೊಂದು ಸಂಜೆ ಹಾಡಿಕೆ ಇರುತ್ತದೆ. ಊರ ಹೊರಗಿನ ಬಯಲಿನಲ್ಲಿ, ಒಂದು ಹಳೆಯ ಬೇವಿನ ಮರದ ಮುಂದೆ. ಬಿಸಿಲು ಮೆತ್ತಗಾದ ಮೇಲೆ ಜನ ಚಾಪೆ ಸುತ್ತಿಕೊಂಡು ಹೊರಡುತ್ತಾರೆ. ಇನ್ನೊಂದು ಕೈಯಲ್ಲಿ, ಹೆಗಲ ಮೇಲೆ, ಸೊಂಟದ ಮೇಲೆ, ಮನೆಯ ಗುಂಡುಕಲ್ಲು. ಬಯಲಿನಲ್ಲಿ ಕೂತು ಅದನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಹಾಡು ಹಿಡಿದಾಗ ಎಲ್ಲರೂ ಚಾಪೆ ಬಿಟ್ಟು ನಾಲ್ಕು ಬೆರಳು ಏರುತ್ತಾರೆ. ಕಲ್ಲಿದ್ದರೆ ನಾಲ್ಕೇ ಬೆರಳು. ದಿನವಿಡೀ ಕಾದ ಮೈಯ ಕೆಳಗೆ ಗಾಳಿ ಹಾಯುತ್ತದೆ. ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಎತ್ತಿ ಜಗಳವಾಡಿದ ಇಬ್ಬರು ಸಂಜೆ ಅಕ್ಕಪಕ್ಕ ತೇಲುತ್ತ ಒಂದೇ ಎಲೆಯಡಿಕೆ ಹಂಚಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಕಿರಾಣಿ ಅಂಗಡಿಯ ಶೆಟ್ಟರು ಊರಿನಲ್ಲೇ ಎಲ್ಲಕ್ಕಿಂತ ದೊಡ್ಡ ಕಲ್ಲು ಹೊತ್ತು ತರುತ್ತಾರೆ. ಅವರು ಏರಿದ್ದನ್ನು ಯಾರೂ ನೋಡಿಲ್ಲ. "ಶೆಟ್ಟರ, ಆ ಕಲ್ಲು ಮನಿಯಾಗ ಬಿಟ್ಟು ಬಂದಿದ್ರ ನಿಮ್ಮ ಮನಿಯಾವ್ರು ಚಟ್ನಿ ಅರೀತಿದ್ರು," ಎಂದು ಹಿಂದಿನಿಂದ ಯಾರಾದರೂ ಕೂಗುತ್ತಾರೆ. ಸಂಬಂಧ ನೋಡಲು ಬಂದವರು ಮೊದಲು ಕೇಳುವುದು ಹುಡುಗನ ಕಲ್ಲು ಎಷ್ಟರದು ಎಂದು. ನಮ್ಮಪ್ಪನಿಗೆ ಆ ಪ್ರಶ್ನೆ ಕೇಳಬೇಕೆಂದು ಗೊತ್ತಿರಲಿಲ್ಲ.

ಗುರುಪಾದನಿಗೆ ದೊಡ್ಡದೇ ಬೇಕಿತ್ತು. ಮೊದಲ ತಾನಕ್ಕೇ ಅವನಿಗೂ ಚಾಪೆಗೂ ನಡುವೆ ಕೈ ಹಾಕಬಹುದಿತ್ತು. ನಾನು ಬಂದ ಮೇಲೆ ಮನೆಯ ಕಲ್ಲು ನನಗೆ ಕೊಟ್ಟು, ಹಾಡಿಕೆಯ ದಿನ ಬೆಳಿಗ್ಗೆ ಬಸಲಿಂಗವ್ವನ ಮನೆಯಿಂದ ಅವಳದನ್ನು ತರುತ್ತಿದ್ದ, ಮರುದಿನ ಒಯ್ದು ಕೊಡುತ್ತಿದ್ದ. ಮೊಣಕಾಲು ನೋವಿನ ಬಸಲಿಂಗವ್ವ ಬಯಲಿಗೆ ಬರುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅತ್ತೆ ಹಿತ್ತಾಳೆ ಕೊಡದಲ್ಲಿ ನೀರು ತುಂಬಿ ಅದನ್ನೇ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು.

ಅವನು ಸತ್ತ ಸಂಜೆ ದಸ್ತಗೀರ ಮಾಸ್ತರು ಹಾಡುತ್ತಿದ್ದರು. ನಮ್ಮ ಹಿಂದಿನ ಓಣಿಯವರು. ಊರಿನ ಅರ್ಧ ಮಕ್ಕಳಿಗೆ ಸಂಗೀತ ಕಲಿಸಿದವರು. ಅಂದು ನಾನು ಕಲ್ಲಿನ ಸಮೇತ ಒಂದು ಗೇಣು ಏರಿದೆ. ಅಷ್ಟು ಎಂದೂ ಏರಿರಲಿಲ್ಲ. ನಗು ಬಂತು, ಹೆದರಿಕೆಯೂ ಬಂತು. ಗುರುಪಾದ ನನ್ನ ಮುಖ ನೋಡಿ ತಾನೂ ನಕ್ಕ. "ಏ ಹುಚ್ಚೀ, ಹಿಡಿ ಇದನ್ನ," ಎಂದು ತನ್ನ ಮಡಿಲ ಕಲ್ಲು ತೆಗೆದು ನನ್ನ ಮಡಿಲಿಗೆ ಇಟ್ಟ. ನಾನು ಧಪ್ಪನೆ ಚಾಪೆಗೆ ಇಳಿದೆ. ತನ್ನ ಮಡಿಲು ಬರಿದಾದರೂ ನನ್ನ ತೋಳು ಹಿಡಿದುಕೊಂಡರೆ ಸಾಕು ಎಂದು ಅವನು ಅಂದುಕೊಂಡಿರಬೇಕು. ಈ ಊರಿನಲ್ಲಿ ಹುಟ್ಟಿ ಬೆಳೆದವನು ಹಾಗೆ ಅಂದುಕೊಳ್ಳಬಾರದಿತ್ತು. ನನ್ನ ತೋಳು ಬೆವತಿತ್ತು, ಅವನ ಕೈ ಜಾರಿತು. ಅವನ ಅಂಗಿಯ ಅಂಚು ಒಂದು ಕ್ಷಣ ನನ್ನ ಬೆರಳುಗಳಲ್ಲಿತ್ತು. ಮಡಿಲಲ್ಲಿ ಎರಡು ಕಲ್ಲು. ಏಳಲಾಗಲಿಲ್ಲ.

ಏರಿದ್ದಕ್ಕೆ ಯಾರೂ ಸಾಯುವುದಿಲ್ಲ. ಹಾಡು ಇಳಿದಂತೆ ಜನ ಇಳಿಯುತ್ತಾರೆ. ಇಲ್ಲಿನ ಹಾಡುಗಾರರಿಗೆ ಏರಿಸುವುದನ್ನು ಯಾರೂ ಕಲಿಸುವುದಿಲ್ಲ, ಇಳಿಸುವುದನ್ನು ವರ್ಷಗಟ್ಟಲೆ ಕಲಿಸುತ್ತಾರೆ. ಏನೇ ಕಂಡರೂ ನಡುವೆ ನಿಲ್ಲಿಸಬಾರದು, ಇದು ಮೊದಲ ಪಾಠ. ಗುರುಪಾದ ಬೇವಿನ ಮರದ ತುದಿ ದಾಟಿದಾಗ ಯಾರೋ ಕೂಗಿ ಕೈ ತೋರಿಸಿದರು. ಮಾಸ್ತರು ತಲೆ ಎತ್ತಿ ನೋಡಿದರು. ಅವನೂ ಒಂದು ಕಾಲಕ್ಕೆ ಅವರ ಶಿಷ್ಯ. ಅವರ ದನಿ ನಿಂತಿತು.

ಬಯಲಿನಲ್ಲಿ ಎಲ್ಲರೂ ನಾಲ್ಕು ಬೆರಳಿನಿಂದ ಬಿದ್ದರು. ಅವನು ಅಲ್ಲಿಂದ ಬಿದ್ದ.

ನೆಂಟರು ಹೋದ ಮರುದಿನದ ಬೆಳಿಗ್ಗೆಗೆ ಮರಳುತ್ತೇನೆ. ಕಸ ಚೆಲ್ಲಿ ಬಂದು, ಕಲ್ಲನ್ನು ಬಸಲಿಂಗವ್ವನಿಗೆ ಕೊಟ್ಟುಬಿಡೋಣ ಎಂದು ಹೊರಟೆ. ಹಾಡಿಕೆಗೆ ಎರವಲು ಕೊಟ್ಟ ಕಲ್ಲನ್ನು ಕೊಟ್ಟವರು ತಾವಾಗಿ ಕೇಳುವ ಪದ್ಧತಿ ಇಲ್ಲಿಲ್ಲ. ಒಯ್ದವರೇ ತಂದು ಕೊಡಬೇಕು. ನಮ್ಮ ಬಾಗಿಲಿಗೂ ಅವಳ ಬಾಗಿಲಿಗೂ ನಡುವೆ ಒಂದು ಸಣ್ಣ ಓಣಿ, ಅಷ್ಟೇ. ಹೊಸ್ತಿಲ ಮೇಲೆ ನಿಂತೆ. ಓಣಿಯ ಮೇಲೆ ಸೂರಿರಲಿಲ್ಲ. ನೀಲಿ ಬಣ್ಣದ ಆಕಾಶ ತೀರ ಎತ್ತರದಲ್ಲಿತ್ತು. ಅವನನ್ನು ಮಣ್ಣು ಮಾಡಿದ ದಿನ ಇಬ್ಬರು ನನ್ನ ಎರಡು ತೋಳು ಹಿಡಿದಿದ್ದರು. ಈಗ ಯಾರೂ ಇರಲಿಲ್ಲ. ಕಲ್ಲಿಗೆ ತೂಕವಿಲ್ಲ. ಹಾಗಾದರೆ ನನ್ನನ್ನು ನೆಲಕ್ಕೆ ಹಿಡಿದಿರುವುದು ಯಾವುದು ಎಂದು ಒಮ್ಮೆಲೇ ಅನಿಸಿತು. ಕಾಲ್ಬೆರಳುಗಳಿಂದ ಹೊಸ್ತಿಲನ್ನು ಅವುಚಿ ಹಿಡಿದೆ. ಆಮೇಲೆ ಒಳಗೆ ಬಂದು ಕಲ್ಲನ್ನು ಮತ್ತೆ ಗೋಡೆಗೆ ಒರಗಿಸಿದೆ.

ಬಸಲಿಂಗವ್ವನೇ ಬಂದಳು. ಸೆರಗಿನ ಕೆಳಗೆ ರೊಟ್ಟಿ, ಕೈಯಲ್ಲಿ ಮೊಮ್ಮಗಳು ನಾಗಿ. ನಾಗಿ ಇನ್ನೂ ಶಾಲೆಗೆ ಹೋಗದ ಹುಡುಗಿ. ಅವಳ ಕಣ್ಣು ನೇರ ಅಡುಗೆಮನೆಯ ಗೋಡೆಗೆ ಹೋಯಿತು.

"ಆಯೀ, ನಮ್ಮ ಕಲ್ಲು!"

"ಬಾಯಿ ಮುಚ್ಚು." ಬಸಲಿಂಗವ್ವ ಅವಳ ತಲೆಗೆ ಮೊಟಕಿದಳು. ನನಗೆ ಹೇಳಿದಳು: "ಅದರ ಸುದ್ದಿ ಬಿಡು ಯವ್ವಾ. ನನ್ನ ಹಲ್ಲು ಉದುರಿ ಯಾವ ಕಾಲ ಆತು. ಚಟ್ನಿ ಯಾರಿಗೆ ಬೇಕಾಗೇದ."

"ಸುಳ್ಳು," ನಾಗಿ ಎಂದಳು. "ದಿನಾ ಬೈತಾಳ. ಬರೇ ಖಾರಪುಡಿ ತಿಂದು ಹೊಟ್ಟಿ ಸುಡತೈತಿ ಅಂತಾಳ."

ಅತ್ತೆಗೆ ನಗು ಬಂದಿತು. ಕೂಡಲೇ ಬಾಯಿಗೆ ಸೆರಗು ಒತ್ತಿಕೊಂಡು, ಕೂತ ಮಣೆಯನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದರು. ಹಾಗೆ ಹಿಡಿದದ್ದನ್ನು ನಾನು ನೋಡಿದೆ. ನೆಲ ಬಿಟ್ಟುಹೋಗುವ ಹೆದರಿಕೆ ಅವರಿಗೂ ಇದೆ ಎಂದು ತಿಳಿಯಿತು.

ಹಾಡಿಕೆ ನಿಂತ ಊರು ಕೆಟ್ಟದಾಗಿತ್ತು. ಸೆಕೆ ಮನೆಗಳೊಳಗೆ ಸೇರಿ ಕೂತಿತ್ತು. ಜನ ಸಣ್ಣ ಮಾತಿಗೆ ಕೂಗಾಡುತ್ತಿದ್ದರು. ಎದುರು ಮಾಳಿಗೆಯಲ್ಲಿ ಗಂಡ ಹೆಂಡತಿ ಹಾಸಿಗೆ ಎಲ್ಲಿ ಹಾಸಬೇಕೆಂದು ಬೆಳಗಿನವರೆಗೂ ಜಗಳವಾಡಿದರು. ಮಕ್ಕಳು ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದವು. ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಕೇಳಬೇಕಾದ್ದೂ ಇರಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಬಯಲಿನಲ್ಲಿ ಸಾವಾದರೆ, ಆ ಮನೆಯವರು ಬಂದು ಎಲ್ಲರ ಮುಂದೆ ಕೂರುವವರೆಗೆ ಮತ್ತೆ ಹಾಡು ಇಲ್ಲ. ಅವರು ಕಲ್ಲು ತರುವಂತಿಲ್ಲ. ಅವರಿಗೆ ಬೇಕಾಗುವುದಿಲ್ಲ. ದುಃಖದ ಮನೆಯವರು ಏರುವುದಿಲ್ಲ. ಅದಕ್ಕೇ ಮಡಿಲಲ್ಲಿ ಕಲ್ಲು ಇಟ್ಟುಕೊಳ್ಳಲಾಗದಷ್ಟು ಸಣ್ಣ ಮಕ್ಕಳನ್ನು, ಸೊಂಟಕ್ಕೆ ಹಗ್ಗ ಹಾಕಿ ಅವರಿಗೆ ಕಟ್ಟುತ್ತಾರೆ. ಗೂಟ ಹೊಡೆದು ಕಟ್ಟಿದರೆ ಗೂಟವೇ ಕಿತ್ತು ಬರುತ್ತದೆ, ಮರಕ್ಕೆ ಕಟ್ಟಿದರೆ ಹಗ್ಗ ಸೊಂಟ ಕೊಯ್ಯುತ್ತದೆ. ದುಃಖದ ಮನೆಯವರಾದರೆ ಹಗ್ಗವನ್ನು ಕೈಯಲ್ಲಿ ಸಡಿಲಿಸಬಲ್ಲರು, ಎಳೆಯಬಲ್ಲರು. ಹಿಂದಿನ ಬೇಸಿಗೆಯಲ್ಲಿ ಗಂಡ ಸತ್ತ ಒಬ್ಬ ಹೆಂಗಸಿಗೆ ಆರೇಳು ಮಕ್ಕಳನ್ನು ಕಟ್ಟಿದ್ದರು. ಅವಳು ಬಂಡೆಯಂತೆ ಕೂತಿದ್ದಳು. ಅವಳ ತಲೆಯ ಮೇಲೆ ಮಕ್ಕಳು ಕೇಕೆ ಹಾಕುತ್ತಿದ್ದವು. ಆಗ ನನಗೆ ಅದು ಚೆಂದ ಕಂಡಿತ್ತು.

ಸಂಜೆಯಾದರೆ ಇನ್ನೊಂದು ಶುರುವಾಗುತ್ತಿತ್ತು. ಹಿಂದಿನ ಓಣಿಯಿಂದ ಮಾಸ್ತರ ದನಿ. ಅದೇ ಹಾಡು. ನಿಧಾನವಾಗಿ ಏರುತ್ತ ಏರುತ್ತ ಅಂದು ನಿಂತಲ್ಲಿಗೆ ಬರುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ತುಸು ಹೊತ್ತು ಬಿಟ್ಟು ಮತ್ತೆ ಮೊದಲಿನಿಂದ. ದನಿ ಆ ಜಾಗಕ್ಕೆ ಹತ್ತಿರವಾದಂತೆ ಓಣಿಯ ಜನ ಕೈಗೆ ಸಿಕ್ಕ ಕಂಬ, ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದರು. ಅತ್ತೆ ಹೊದಿಕೆ ಎಳೆದು ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಾನು ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು, ಆ ಕಲ್ಲಿನ ಪಕ್ಕ ಕೂತಿರುತ್ತಿದ್ದೆ. ದನಿ ನಿಂತ ಕ್ಷಣ ಕಣ್ಣು ಮುಚ್ಚುತ್ತಿದ್ದೆ. ದಿನಾ ಸಂಜೆ ಅವನು ಬೀಳುತ್ತಿದ್ದ.

ಒಂದು ಮಧ್ಯಾಹ್ನ ಮಾಸ್ತರು ಬಂದರು. ಹೊಸ್ತಿಲು ದಾಟಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಮಣ್ಣಿನ ದಿನ ಹಿಂದೆಲ್ಲೋ ನಿಂತಿದ್ದನ್ನು ಬಿಟ್ಟರೆ ನಾನು ಅವರನ್ನು ನೋಡಿರಲಿಲ್ಲ. ಸೊರಗಿ ಗಂಟಲ ಗಂಟು ಎದ್ದು ಕಾಣುತ್ತಿತ್ತು.

"ಒಳಗ ಬರ್ರಿ ಮಾಸ್ತರ," ಎಂದರು ಅತ್ತೆ.

"ಇಲ್ರಿ ಅವ್ವಾರ. ಇಲ್ಲೇ ಛಲೋ ಐತಿ." ನನ್ನ ಕಡೆ ತಿರುಗಿದರು. "ತಂಗೀ, ಊರಾನ ಮಂದಿ ನನ್ನ ಕಳಿಸ್ಯಾರ. ನಿಮ್ಮನ್ನ ಬಯಲಿಗೆ ಕರದು ಬಾ ಅಂದಾರ. ನಾ ಕರೆಯಾಕ ಬಂದಿಲ್ಲ."

"ಮತ್ತ?"

"ಬರಬ್ಯಾಡ್ರಿ ಅಂತ ಹೇಳಾಕ ಬಂದೀನಿ. ನೀವು ಬರಂಗಿಲ್ಲ ಅಂದ್ರ ನಾ ಹಾಡೂ ಜರೂರ ಇಲ್ಲ. ಈ ಬ್ಯಾಸಗಿ ಹಂಗ ಕಳೀತೈತಿ. ಮುಂದಿನ ವರ್ಷಕ್ಕ ಯಾರನ್ನರ ಬ್ಯಾರೇ ಊರಿಂದ ಕರಸ್ತಾರ."

ನಾನು ಕೇಳಿದೆ: "ದಿನಾ ಅಲ್ಲೇ ಯಾಕ ನಿಲ್ಲಸ್ತೀರಿ?"

ಅವರು ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸಿದರು. "ನಾ ನಿಲ್ಲಸಂಗಿಲ್ಲ ತಂಗೀ. ಮುಂದಿಂದು ಬಾಯಿಗೆ ಬರವಲ್ದು. ಚಿಕ್ಕಂದಿನಿಂದ ಬಂದದ್ದು. ಎಲ್ಲಿ ಹೋತೋ ಗೊತ್ತಿಲ್ಲ."

"ನಮಗ ಕೇಳಸ್ತದ."

"ಗೊತ್ತೈತಿ. ಕದಾ ಹಾಕ್ಕೊಂಡೇ ಹಾಡ್ತೀನಿ."

"ಆದರೂ ಕೇಳಸ್ತದ."

ಆಗ ಅವರು ಮೊದಲ ಸಲ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನಿತ್ತೋ. ಅವರ ಕಣ್ಣಲ್ಲಿದ್ದದ್ದು ನನಗೆ ಪರಿಚಯವಿತ್ತು, ಹೊಸ್ತಿಲ ಮೇಲೆ ನಿಂತಾಗ ನನ್ನ ಕಾಲ್ಬೆರಳುಗಳಲ್ಲಿದ್ದದ್ದೇ.

"ನಾ ಬರ್ತೀನಿ," ಎಂದೆ. "ಆದರ ಅದ ಹಾಡು ಹಾಡಬೇಕು. ಮುಗಸಬೇಕು."

"ತಂಗೀ, ಅಲ್ಲಿಗೆ ಬಂದು ಮತ್ತ ನಿಂತ್ರ?"

"ನಿಂತ್ರ ಮಂದಿ ನಾಕು ಬೆರಳಿಂದ ಬೀಳ್ತಾರ. ನಾ ಏರೂದಿಲ್ಲ."

ಅವರು ಹೋದ ಮೇಲೆ ಅತ್ತೆ ಬಾಗಿಲು ಮುಂದೆ ಮಾಡಿದರು. ಆಮೇಲೆ ಹೇಳಿದರು: "ನಾ ಬರಂಗಿಲ್ಲ ನೀಲಾ. ನನಗ ಹಾಡು ಅಂದ್ರ ಜೀವ. ಅಲ್ಲಿ ಕುಂತು ಒಂದು ಗಳಿಗಿ ಅವನ್ನ ಮರತೆ ಅಂದ್ರ? ಮೈಗೆ ಮೂರು ಕೂಸು ಕಟ್ಟಿರ್ತಾರ." ನಾನು ಒತ್ತಾಯ ಮಾಡಲಿಲ್ಲ. ಆ ಮಾತು ಮಾತ್ರ ನನ್ನೊಳಗೆ ಉಳಿಯಿತು.

ಹಾಡಿಕೆಯ ಸಂಜೆ ಬಸಲಿಂಗವ್ವ ನನ್ನನ್ನು ಕೈ ಹಿಡಿದು ಬಯಲಿನವರೆಗೆ ನಡೆಸಿದಳು, ಮೊಣಕಾಲನ್ನು ಬೈಯುತ್ತ. ಅವಳು ಬಯಲಿಗೆ ಬಂದದ್ದು ಎಷ್ಟು ವರ್ಷಗಳ ಮೇಲೋ. ಮಡಿಲಿಗೆ ಏನು ತಂದೆ ಎಂದು ಕೇಳಿದ್ದಕ್ಕೆ ಒಂದು ಚೀಲ ಜೋಳ ತೋರಿಸಿದಳು. ಊರೆಲ್ಲ ಬಂದಿತ್ತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಶೆಟ್ಟರನ್ನು ಕೂಡ ಯಾರೂ ಕಾಡಲಿಲ್ಲ. ಬೇವಿನ ಮರದ ಮುಂದೆ ಮಾಸ್ತರು ತಂಬೂರಿಯ ಹಿಂದೆ ಕೂತಿದ್ದರು. ನನ್ನ ಚಾಪೆಯನ್ನು ಅವರಿಗೆ ಎದುರಾಗಿ, ಎಲ್ಲರಿಗಿಂತ ಮುಂದೆ ಹಾಸಿದ್ದರು. ನಾನು ಮೇಲೆ ನೋಡಲಿಲ್ಲ.

ಹೆಂಗಸರು ಬಂದು ತಮ್ಮ ಮಕ್ಕಳನ್ನು ಕಟ್ಟಿದರು. ನೂಲಿನ ಮೆತ್ತನೆಯ ಹಗ್ಗಗಳು. ಎರಡು ನನ್ನ ಸೊಂಟಕ್ಕೆ, ಒಂದೊಂದು ಎರಡೂ ಮುಂಗೈಗಳಿಗೆ. ಒಬ್ಬಳು ಗಂಟು ಹಾಕಿ ಎರಡೆರಡು ಸಲ ಎಳೆದು ನೋಡಿದಳು. "ತಪ್ಪು ತಿಳೀಬ್ಯಾಡ್ರಿ ಅಕ್ಕಾರ," ಎಂದಳು. ನಾನು ತಲೆಯಾಡಿಸಿದೆ. ನಾಗಿಯ ಹಗ್ಗ ನನ್ನ ಬಲಗೈಗೆ ಬಂತು. ಅವಳು ನನ್ನ ಮೊಣಕಾಲಿಗೆ ಒರಗಿ ಕೂತು ಮುಖ ಎತ್ತಿದಳು.

"ಕಾಕೂ, ನೀವು ಏರಂಗಿಲ್ಲ, ಹೌದಲ್ರಿ?"

"ಇಲ್ಲ."

"ಖರೇನ?"

"ಖರೇನ."

"ನಮ್ಮ ಅವ್ವ ಕೇಳು ಅಂದಿದ್ಲು." ಅವಳು ಹಿಂದೆ ತಿರುಗಿ ತಾಯಿಯತ್ತ ಕೈ ಬೀಸಿದಳು.

ಮಾಸ್ತರು ಶುರು ಮಾಡಿದರು. ದನಿ ಮೊದಲು ಒಣಗಿತ್ತು, ಆಮೇಲೆ ತೇವ ಬಂತು. ನನ್ನ ಬೆನ್ನ ಹಿಂದೆ ಜನ ಚಾಪೆ ಬಿಡುವ ಸದ್ದು ಕೇಳಿತು. ಒಣ ಹುಲ್ಲಿನ ಮೇಲೆ ಗಾಳಿ ಹಾಯ್ದಂಥ ಸಣ್ಣ ಸದ್ದು. ಎಷ್ಟೋ ದಿನಗಳ ಮೇಲೆ ಬಂದ ತಣ್ಣನೆ ಉಸಿರು ನನ್ನ ಕುತ್ತಿಗೆಗೆ ತಾಗಿತು. ಯಾರೋ "ಆಹಾ" ಎಂದರು, ಹೆದರುತ್ತಲೇ. ಹಗ್ಗಗಳು ಒಂದೊಂದಾಗಿ ಬಿಗಿದವು. ಮಕ್ಕಳು ನನ್ನ ಹೆಗಲ ಎತ್ತರಕ್ಕೆ, ತಲೆಯ ಎತ್ತರಕ್ಕೆ ಬಂದವು. ನಾಗಿಯ ಕಾಲ್ಗೆಜ್ಜೆ ನನ್ನ ಕಿವಿಯ ಹತ್ತಿರ ಸದ್ದು ಮಾಡಿತು. ನನ್ನ ಕೆಳಗೆ ಚಾಪೆ ಇತ್ತು, ಚಾಪೆಯ ಕೆಳಗೆ ನೆಲವಿತ್ತು. ಒಂದು ಕಲ್ಲುಹರಳು ತೊಡೆಗೆ ಚುಚ್ಚುತ್ತಿತ್ತು. ಅದು ಚುಚ್ಚುತ್ತಿರಲಿ ಎಂದು ಬೇಡಿಕೊಂಡೆ. ಚುಚ್ಚುವವರೆಗೂ ನಾನು ನೆಲದ ಮೇಲಿದ್ದೇನೆ.

ಹಾಡು ಆ ಜಾಗಕ್ಕೆ ಏರತೊಡಗಿತು. ಎಲ್ಲರಿಗೂ ಗೊತ್ತಿತ್ತು. ಹಿಂದೆ ಧಪ್ ಧಪ್ ಎಂದು ಒಬ್ಬೊಬ್ಬರೇ ಚಾಪೆಗೆ ಇಳಿದರು. ಹೆದರಿದವರು ಏರುವುದಿಲ್ಲ. ತಬಲಾದವನ ಕಣ್ಣು ಮಾಸ್ತರ ಬಾಯಿಯ ಮೇಲಿತ್ತು. ಮಾಸ್ತರ ಕಣ್ಣು ನನ್ನ ಮೇಲಿತ್ತು. ಅವರ ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ಅಲ್ಲೇ ನಿಂತಿತು. ನಾನು ಹಗ್ಗಗಳನ್ನು ಎರಡೂ ಮುಷ್ಟಿಗಳಲ್ಲಿ ಸುತ್ತಿಕೊಂಡೆ.

ಅವರು ದಾಟಿದರು.

ಆ ಜಾಗದ ಆಚೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಅಂದು ಕೇಳಿರಲಿಲ್ಲ. ಅಲ್ಲಿಂದಾಚೆ ಆ ಹಾಡು ಅಳುವುದೂ ಇಲ್ಲ, ದೊಡ್ಡದೇನನ್ನೂ ಹೇಳುವುದೂ ಇಲ್ಲ. ಸುಮ್ಮನೆ ಒಂದು ಚೇಷ್ಟೆಯ ತಿರುವು ತೆಗೆದುಕೊಳ್ಳುತ್ತದೆ. ಮೇಲೆ ಹತ್ತಿದ ಹುಡುಗ ಇಳಿಯುವ ಮೊದಲು ನಾಲಿಗೆ ತೋರಿಸಿದ ಹಾಗೆ. ಗುರುಪಾದ ಇದನ್ನು ಕಾಯುತ್ತಿದ್ದ. ಹಿಂದೆ ಎಷ್ಟೋ ಸಲ ಕೇಳಿದವನಿಗೆ ಈ ತಿರುವು ಬರುತ್ತದೆಂದು ಗೊತ್ತಿತ್ತು. ಅದಕ್ಕೇ ಅವನ ಮುಖ ಹಾಗಿತ್ತು. ಏ ಹುಚ್ಚೀ, ಹಿಡಿ ಇದನ್ನ. ನನಗೆ ನಗು ಬಂತು. ಬಾಯಿಯವರೆಗೆ ಬಂದದ್ದನ್ನು ತಡೆಯಲು ಆಗಲಿಲ್ಲ.

ತೊಡೆಗೆ ಚುಚ್ಚುತ್ತಿದ್ದ ಹರಳು ಇಲ್ಲವಾಯಿತು.

"ಕಾಕೂ," ಎಂದಳು ನಾಗಿ ಮೇಲಿನಿಂದ, "ನೆಲ ಹೋತು."

ಕೆಳಗೆ ನೋಡಿದೆ. ಚಾಪೆ ಒಂದು ಗೇಣು ಕೆಳಗಿತ್ತು. ನೋಡುತ್ತಿದ್ದಂತೆ ಒಂದು ಮೊಳ. ಮೇಲೆ ನಾಲ್ಕು ಮಕ್ಕಳು, ನನ್ನನ್ನು ಬಿಟ್ಟರೆ ಅವರಿಗೆ ಬೇರೆ ಭಾರವಿಲ್ಲ. ಹೆದರಿದರೆ ಇಳಿಯುತ್ತಾರೆ ಎಂದು ನನಗೆ ಗೊತ್ತಿತ್ತು. ನಾನು ಹೆದರಿದ್ದೆ, ಹಲ್ಲು ಕಟಕಟ ಎನ್ನುವಷ್ಟು ಹೆದರಿದ್ದೆ. ಆದರೂ ಏರುತ್ತಿದ್ದೆ. ಮಕ್ಕಳು ಹೆದರಿರಲಿಲ್ಲ. ಅವು ಕೇಕೆ ಹಾಕುತ್ತ ನನ್ನನ್ನು ಎಳೆಯುತ್ತಿದ್ದವು. ಹಿಂದಿನಿಂದ ಒಬ್ಬ ತಾಯಿ ಚೀರಿದಳು. ಯಾರೋ ನನ್ನ ಸೀರೆಯ ಅಂಚಿಗೆ ಕೈ ಚಾಚಿದರು, ಅದು ಜಾರಿತು. ಮುಂದಿನ ಸಾಲಿನಿಂದ ಶೆಟ್ಟರು ಎದ್ದು ಓಡಿ ಬಂದರು. ತಮ್ಮ ದೊಡ್ಡ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮಡಿಲಿಗೆ ಚಾಚಿದರು. ಕಣ್ಣಲ್ಲಿ ನೀರಿತ್ತು. ಅವರ ಕಾಲುಗಳನ್ನು ನೋಡಿದೆ. ಊರಿನಲ್ಲಿ ಎಂದೂ ಏರದಿದ್ದ ಶೆಟ್ಟರ ಹಿಮ್ಮಡಿ ನೆಲ ಬಿಟ್ಟಿತ್ತು.

"ಬ್ಯಾಡ!" ಎಂದು ಕಿರುಚಿದೆ. "ಯಾರೂ ಕಲ್ಲು ಕೊಡಬ್ಯಾಡ್ರಿ! ನಿಮ್ಮ ನಿಮ್ಮ ಕಲ್ಲು ಹಿಡ್ಕೊಂಡು ಕುಂದ್ರಿ!"

ಶೆಟ್ಟರು ಕಲ್ಲನ್ನು ಎದೆಗೆ ಅವುಚಿ ಅಲ್ಲೇ ಕುಸಿದು ಕೂತರು. ಬಯಲು ಒಮ್ಮೆಲೇ ಸುಮ್ಮನಾಯಿತು. ದನಿ ಒಂದೇ ಇತ್ತು. ನಾನು ಅದರ ಕಡೆ ತಿರುಗಿದೆ.

ಮಾಸ್ತರು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಅಂದಿನಂತೆಯೇ. ಮುಖ ಬಿಳಿಚಿತ್ತು, ತಂಬೂರಿಯ ಮೇಲಿನ ಬೆರಳು ತಪ್ಪಿತ್ತು. ಬಾಯಿ ಮಾತ್ರ ತೆರೆದೇ ಇತ್ತು. ನಾನು ಅವರನ್ನು ಬೇಡಲಿಲ್ಲ. ಬೇಡಿದರೆ ಆ ದನಿಗೆ ಏನಾಗುತ್ತದೋ ಎಂಬ ಹೆದರಿಕೆ. ಕಣ್ಣು ಮಾತ್ರ ಕದಲಿಸಲಿಲ್ಲ. ಅವರು ಆ ಚೇಷ್ಟೆಯ ತಿರುವನ್ನು ಇನ್ನೊಮ್ಮೆ ತೆಗೆದುಕೊಂಡರು, ಈ ಸಲ ನಿಧಾನವಾಗಿ. ಅದರ ತುದಿಯಿಂದ ಒಂದು ಸ್ವರ ಕೆಳಗೆ ಬಂದರು. ಅಲ್ಲಿ ನಿಂತರು. ಉಸಿರು ಮುಗಿಯುತ್ತದೆ ಎನ್ನುವಾಗ ಇನ್ನೊಂದು ಸ್ವರ. ಮಗುವನ್ನು ಎತ್ತಿಕೊಂಡು ಕತ್ತಲಲ್ಲಿ ಮೆಟ್ಟಿಲಿಳಿಯುವವರು ಕಾಲಿನಿಂದ ಮುಂದಿನ ಮೆಟ್ಟಿಲು ತಡವುವ ಹಾಗೆ. ನಾನು ಇಳಿದೆ. ಮಕ್ಕಳು ಇಳಿದವು. ಎಲ್ಲಿಯೂ ಜಗ್ಗಲಿಲ್ಲ. ಹಗ್ಗಗಳು ಒಂದೊಂದಾಗಿ ಸಡಿಲವಾದವು. ಕೊನೆಯ ಸ್ವರದಲ್ಲಿ ಅವರು ಬಹಳ ಹೊತ್ತು ಇದ್ದರು. ತೊಡೆಗೆ ಹರಳು ಮತ್ತೆ ಚುಚ್ಚಿದ ಮೇಲೂ ಇದ್ದರು. ನಾಗಿ ನನ್ನ ಮಡಿಲಿಗೆ ಬಂದು ಕೂತ ಮೇಲೂ ಇದ್ದರು. ಆಮೇಲೆ ಬಿಟ್ಟರು. ಬಿಟ್ಟು ತಂಬೂರಿಯ ಮೇಲೆ ಹಣೆ ಇಟ್ಟರು.

ತಾಯಂದಿರು ಓಡಿ ಬಂದು ಗಂಟು ಬಿಚ್ಚಿದರು. ಗಂಟು ಬಿಚ್ಚದ ಒಬ್ಬಳು ಹಲ್ಲಿನಿಂದ ಕಚ್ಚಿ ಎಳೆದಳು. ನಾಗಿಯ ತಾಯಿ ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಅವಳು ಮಗಳನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಹೆಗಲು ಹಿಡಿದು ನಿಂತಳು. ನಾಗಿ ಅವಳ ಹೆಗಲ ಮೇಲಿನಿಂದ ನನ್ನನ್ನು ನೋಡಿದಳು.

"ಕಾಕೂ, ಸುಳ್ಳು ಹೇಳಿದ್ರಿ."

"ಹೌದು," ಎಂದೆ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು. ಹಾಡು ಮನೆಯವರೆಗೂ ಕೇಳಿತ್ತು. "ಮುಗಸಿದ್ರು," ಎಂದರು. ಅಷ್ಟೇ. ಅಂದು ಅವರೂ ನಾನೂ ಒಂದೇ ಕೋಣೆಯಲ್ಲಿ ಮಲಗಿದೆವು. ಅವರು ಅತ್ತರು. ಆಮೇಲೆ ನನಗೂ ಅಳು ಬಂತು. ಅಲ್ಲಿಯವರೆಗೆ ಅತ್ತಿರಲಿಲ್ಲ.

ಬೆಳಿಗ್ಗೆ ಹಾಲಿನವನು ಅರ್ಧ ಲೀಟರ್ ಸುರಿದು ಹೋದ. ಹಾಲು ಕಾಯಲು ಇಟ್ಟು, ಗೋಡೆಗೆ ಒರಗಿಸಿದ್ದ ಕಲ್ಲನ್ನು ಎಡಗೈಯಿಂದ ಎತ್ತಲು ಹೋದೆ. ಕಲ್ಲು ಕದಲಲಿಲ್ಲ. ಎರಡೂ ಕೈ ಹಾಕಿದೆ. ಸೊಂಟದವರೆಗೆ ತರುವಷ್ಟರಲ್ಲಿ ಉಸಿರು ಹೋಯಿತು. ಅತ್ತೆ ನೋಡುತ್ತ ನಿಂತಿದ್ದರು. ಕೈ ಹಾಕಲು ಬಂದವರು, ಏನೋ ಯೋಚಿಸಿ ಹಿಂದೆ ಸರಿದರು.

ಹೊಸ್ತಿಲು ದಾಟಿದೆ. ಆಕಾಶ ಅಷ್ಟೇ ಎತ್ತರದಲ್ಲಿತ್ತು. ಹೆದರಿಕೆ ಹೋಗಿರಲಿಲ್ಲ. ಆದರೆ ತೋಳು ಬಿಗಿದು ನೋಯುತ್ತಿತ್ತು, ಬೆರಳುಗಳು ಕಲ್ಲಿನ ಒರಟಿಗೆ ಉರಿಯುತ್ತಿದ್ದವು, ಪಾದ ಮಣ್ಣಿನಲ್ಲಿ ಒತ್ತಿ ಗುರುತು ಮೂಡುತ್ತಿತ್ತು. ಓಣಿಯ ನಡುವೆ ಕಲ್ಲು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡೆ. ಇಷ್ಟು ಭಾರದ್ದನ್ನು ಅವನು ವಾರವಾರವೂ ಈ ಓಣಿ ದಾಟಿಸುತ್ತಿದ್ದ, ಹಾಡು ಗುನುಗುತ್ತ. ಮತ್ತೆ ಎತ್ತಿಕೊಂಡೆ.

ಬಸಲಿಂಗವ್ವ ತನ್ನ ಬಾಗಿಲಲ್ಲಿ ನಿಂತಿದ್ದಳು. ಇಸಿದುಕೊಳ್ಳಲು ಮುಂದೆ ಬರಲಿಲ್ಲ.

"ಭಾರ ಆತೇನು ಯವ್ವಾ?"

"ಹೌದ್ರಿ ಆಯಿ. ಭಾಳ ಭಾರ ಐತಿ."

ಅವಳು ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. ಅವಳ ಅಡುಗೆಮನೆಯಲ್ಲಿ ಒರಳು ಬರಿದಾಗಿತ್ತು, ಕುಳಿಯಲ್ಲಿ ಧೂಳು ಕೂತಿತ್ತು. ಬಗ್ಗಿ, ಸೆರಗಿನಿಂದ ಧೂಳು ಒರೆಸಿ, ಕಲ್ಲನ್ನು ಅದರೊಳಗೆ ಇಳಿಸಿದೆ. ನಿಧಾನವಾಗಿ.